ಬರದೇ ಹೋದ ಔಷಧಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಒಂದೇ ದೀಪ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತ ಜೀವಕೋಶ ವಿಜ್ಞಾನಿ, ಇಲಿಯ ಮೇದೋಜೀರಕ ಗ್ರಂಥಿಯಿಂದ ಬಿಡಿಸಿದ ಕೋಶಗುಚ್ಛಗಳನ್ನು ಉಸಿರು ಬಿಗಿಹಿಡಿದು ಒಂದೊಂದಾಗಿ ಹೆಕ್ಕುತ್ತಾರೆ. ಗಸಗಸೆ ಕಾಳಿಗಿಂತ ಚಿಕ್ಕವು. ಇನ್ಸುಲಿನ್ ಹುಟ್ಟುವುದು ಇವುಗಳ ಹೊಟ್ಟೆಯಲ್ಲೇ. ದಿನಕ್ಕೆ ಇನ್ನೂರಾದರೂ ಬೇಕು. "ಗಡಿಬಿಡಿ ಮಾಡಿದ್ರೆ ಸತ್ತೇ ಹೋಗ್ತವೆ. ಹಸುಗೂಸು ಎತ್ತಿದ ಹಾಗೆ ಎತ್ತಬೇಕು," ಎನ್ನುತ್ತಾರೆ, ತಲೆ ಎತ್ತದೆ.

ಅಕ್ಕಪಕ್ಕದ ಮೇಜುಗಳೆಲ್ಲ ಖಾಲಿ. ಒಂದು ಕುರ್ಚಿಗೆ ಯಾರೋ ಬಿಟ್ಟುಹೋದ ಸ್ವೆಟರ್ ಇನ್ನೂ ನೇತುಬಿದ್ದಿದೆ.

ಕೋಶದ ಮೈಮೇಲಿನ ರಿಸೆಪ್ಟರ್ ಎಂದರೆ ಬಾಗಿಲ ಕರೆಗಂಟೆ ಇದ್ದಂತೆ. ಸರಿಯಾದ ರಾಸಾಯನಿಕ ಬಂದು ಒತ್ತಿದರೆ ಒಳಗೆ ಸುದ್ದಿ ಮುಟ್ಟುತ್ತದೆ. ಅಂಥದ್ದೊಂದನ್ನು ಒತ್ತಿದರೆ ಇನ್ಸುಲಿನ್ ಹೆಚ್ಚು ಸ್ರವಿಸುತ್ತದೆಂದು ಕಂಡುಕೊಂಡವರು ಇವರೇ. ತಂಡ ಕುಣಿದಾಡಿತು. ಮಾತ್ರೆಯೊಂದು ಸಿದ್ಧವಾಗಿ ರೋಗಿಗಳ ಮೇಲಿನ ಪರೀಕ್ಷೆಯ ಹೊಸ್ತಿಲಿಗೂ ಬಂತು. ಸಕ್ಕರೆ ಕಾಯಿಲೆಗೆ ದಿನಾ ಸೂಜಿ ಚುಚ್ಚಿಕೊಳ್ಳುವ ಇವರ ಅಕ್ಕ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದರು: "ನಿನ್ನ ಮಾತ್ರೆ ಯಾವಾಗ ಬರುತ್ತೇ?"

ಆಗಲೇ ಅಂಗದಾನಿಗಳಿಂದ ಬಂದ ಮನುಷ್ಯರ ಕೋಶಗಳ ಮೇಲೆ ಇವರು ಅದನ್ನು ಪರೀಕ್ಷಿಸಿದರು. ಸಕ್ಕರೆ ಕಡಿಮೆಯಿದ್ದಾಗ ಸುಮ್ಮನಿರಬೇಕಾದ ಕೋಶಗಳು ಇನ್ಸುಲಿನ್ ಸುರಿಸುತ್ತಲೇ ಇದ್ದವು. ಇಲಿಯಲ್ಲಿ ಹೀಗಾಗಿರಲಿಲ್ಲ. ಮತ್ತೆ ಮಾಡಿದರು, ಮತ್ತೆ ಅದೇ. ಊಟ ಬಿಟ್ಟು ಈ ಮಾತ್ರೆ ನುಂಗಿ ಮಲಗಿದವರು, ರಕ್ತದ ಸಕ್ಕರೆ ತೀರಾ ಕುಸಿದು, ಏಳದೆಯೇ ಹೋಗಬಹುದಿತ್ತು.

"ಇಷ್ಟು ದೂರ ಬಂದ ಮೇಲೆ ಅಡ್ಡಗಾಲು ಹಾಕ್ತೀರಲ್ಲ ಮೇಡಂ? ಸ್ಯಾಂಪಲ್ ಕೆಟ್ಟಿರಬಹುದು," ಎಂದರು ತಂಡದ ಮುಖ್ಯಸ್ಥರು.

"ಕೆಟ್ಟಿದ್ರೆ ಎಲ್ಲಾ ಒಂದೇ ಥರ ಕೆಡ್ತಿತ್ತಾ ಸರ್?"

ಯೋಜನೆ ನಿಂತಿತು. ಜೊತೆಗಾರರು ಬೇರೆಡೆ ಕೆಲಸ ಹುಡುಕಿಕೊಂಡರು. ಕ್ಯಾಂಟೀನಿನಲ್ಲಿ ಇವರ ಎದುರಿಗೆ ಈಗ ಯಾರೂ ತಟ್ಟೆ ತಂದಿಡುವುದಿಲ್ಲ.

ಅಕ್ಕನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. "ನೀನೇ ಬೇಡ ಅಂದ್ಯಾ?" ಎಂದವರೇ ಫೋನಿಟ್ಟರು. ಎಷ್ಟೋ ವಾರ ಕರೆಯಿಲ್ಲ. ಆಮೇಲೊಂದು ಸಂಜೆ, ಏನೂ ಆಗದವರಂತೆ, "ಊಟ ಆಯ್ತೇನೇ?" ಎಂದರು. ಮಾತ್ರೆಯ ವಿಷಯ ಇಬ್ಬರೂ ಎತ್ತಲಿಲ್ಲ. ಈಗಲೂ ಎತ್ತುವುದಿಲ್ಲ.

ಮನುಷ್ಯರ ಕೋಶ ಇಲಿಯದಕ್ಕಿಂತ ಬೇರೆಯಾಗಿ ವರ್ತಿಸಿದ್ದೇಕೆ? ಅದನ್ನೇ ಈಗ ಒಬ್ಬರೇ ಹುಡುಕುತ್ತಿದ್ದಾರೆ. ಬೇಸರವಾಗುವುದಿಲ್ಲವೇ ಎಂದರೆ ಕೈಗವಸು ಕಳಚಿ ಮೇಜಿನ ಮೇಲಿಡುತ್ತಾರೆ.

"ಆಗುತ್ತೆ. ಮಾತಾಡೋಕೆ ಯಾರಾದ್ರೂ ಇದ್ದಿದ್ರೆ ಅನ್ಸುತ್ತೆ. ಆದ್ರೆ ಆ ಮಾತ್ರೆ ನುಂಗಬೇಕಿದ್ದ ಯಾರೋ ಎಲ್ಲೋ ಇವತ್ತು ಎದ್ದು ಹಲ್ಲುಜ್ತಿರ್ತಾರೆ. ಅವರಿಗೆ ನಾನು ಗೊತ್ತಿಲ್ಲ, ನನಗೂ ಅವರು ಗೊತ್ತಿಲ್ಲ. ಎದ್ದಿದಾರಲ್ಲ, ಸಾಕು."