ತೊಳೆದ ಹೊಸ್ತಿಲು

ನಡೆದದ್ದು ಇಷ್ಟೇ. ಹುಡುಗ ಒಳಗೆ ನುಗ್ಗಿದ, ಭಾವ ಹೊಡೆದ, ಹುಡುಗ ಸತ್ತ. ಮಿಕ್ಕಿದ್ದೆಲ್ಲ ಆಮೇಲೆ ಒಬ್ಬೊಬ್ಬರು ಒಂದೊಂದು ಕೈ ಹಚ್ಚಿದ ಬಣ್ಣ.

ಮೊನ್ನೆ ಸೊಸೆ ಹುಳುಮನೆಗೆ ಬ್ಲೀಚಿಂಗ್ ಪೌಡರ್ ಎರಚಿ ತೊಳೆಯುತ್ತಿದ್ದಳು. ನಮ್ಮ ಜಂಗಮಕೋಟೆ ಕಡೆ ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಊದುಬತ್ತಿಗಿಂತ ಆ ಘಾಟೇ ಹೆಚ್ಚು. ಹುಟ್ಟಿದಾಗಿನಿಂದ ಕುಡಿದ ಗಾಳಿ ಅದು. ಆದರೂ ಈಗ ಮೂಗಿಗೆ ಬಡಿದರೆ ಮಾಡುತ್ತಿದ್ದ ಕೆಲಸ ಕೈಯಲ್ಲೇ ನಿಂತುಬಿಡುತ್ತದೆ...

ಭಾವ ಎಂದರೆ ಒಡಹುಟ್ಟಿದವಳ ಗಂಡನಲ್ಲ. ಗೋಡೆಯಾಚೆಯ ಮನೆಯವನು, ಊರ ವರಸೆಯಲ್ಲಿ ಭಾವ. ಅವನ ಹೆಂಡತಿ ನನಗೆ ಅಕ್ಕ. ಬೆಳಗಾದರೆ ಗೋಡೆಯ ಮೇಲಿಂದ ಅವನ ತಲೆ ಕಾಣುತ್ತಿತ್ತು. "ಏನೇ, ನಿನ್ನ ಒಗ್ಗರಣೆ ಘಾಟಿಗೆ ನನ್ನ ಹುಳ ಎಲೆ ಬಿಡ್ತಾವೆ ಕಣೇ" ಅನ್ನುತ್ತಿದ್ದ. "ಹುಳಕ್ಕಾದ್ರೂ ವಾಸ್ನೆ ತಿಳೀತದಲ್ಲ ಭಾವ, ನಿಂಗೆ ಅದೂ ಇಲ್ಲ" ಅನ್ನುತ್ತಿದ್ದೆ. ದಿನಾ ಇದೇ.

ಅವನ ಕೈಗುಣ ದೊಡ್ಡದು. ಹುಳು ಹಣ್ಣಾದಾಗ, ಅಂದರೆ ಮೈ ಹಳದಿ ತಿರುಗಿ ಎಲೆ ಬಿಟ್ಟಾಗ, ಆರಿಸಿ ಬಿದಿರಿನ ಚಂದ್ರಿಕೆಗೆ ಏರಿಸಬೇಕು. ಅಲ್ಲೇ ಅವು ಗೂಡು ಕಟ್ಟುತ್ತವೆ. ನಮ್ಮೂರಲ್ಲಿ ಮೊದಲ ಹಿಡಿ ಹುಳು ಏರಿಸುವುದು ಭಾವನ ಕೈಯೇ ಆಗಬೇಕಿತ್ತು. ಯಾರದೇ ಮನೆಯಾಗಲಿ, ಕುಂಕುಮ ಹಿಡಿದು ಹೋಗಿ ಕರೆಯುತ್ತಿದ್ದರು. ಕಾಲು ತೊಳೆದು ಬರುತ್ತಿದ್ದ, ಒಂದು ಹಿಡಿ ಏರಿಸುತ್ತಿದ್ದ, ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದ.

ಬಂದೂಕು ಅವರಪ್ಪನ ಕಾಲದ್ದು. ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಲೈಸೆನ್ಸ್ ಇತ್ತು. ಎಲೆಕ್ಷನ್ ಬಂದರೆ ಗೋಣಿಯಲ್ಲಿ ಸುತ್ತಿ ಸ್ಟೇಷನ್ನಿಗೆ ಕೊಟ್ಟು ಬರುತ್ತಿದ್ದ, ಮುಗಿದ ಮೇಲೆ ತರುತ್ತಿದ್ದ. ಆ ದಿನ ಯಾವ ಎಲೆಕ್ಷನ್ನೂ ಇರಲಿಲ್ಲ. ಇದ್ದಿದ್ದರೆ ಅಕ್ಕನ ಕತ್ತು ಉಳಿಯುತ್ತಿತ್ತೋ ಇಲ್ಲವೋ.

ಮಟಮಟ ಮಧ್ಯಾಹ್ನ. ಚಿಂತಾಮಣಿ ಕಡೆಯಿಂದ ಬೈಕಿನಲ್ಲಿ ಇಬ್ಬರು ಬಂದು ಗೂಡಿದೆಯಾ ಎಂದು ವಿಚಾರಿಸಿದರಂತೆ. ಅಕ್ಕ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. "ಇನ್ನೂ ಹಣ್ಣಾಗಿಲ್ಲ, ಹೋಗ್ರಪ್ಪ" ಎಂದಳಂತೆ. ಒಬ್ಬ ಬಾಗಿಲಲ್ಲಿ ನಿಂತ. ಇನ್ನೊಬ್ಬ ಒಳಗೆ ಬಂದು ಮಚ್ಚು ತೋರಿಸಿ ತಾಳಿ ಸರಕ್ಕೆ ಕೈ ಹಾಕಿದ. ಅಕ್ಕ ಕಿರುಚಿದಳು. ಪಕ್ಕದ ಕೋಣೆಯಲ್ಲಿ ಉಣ್ಣುತ್ತಿದ್ದ ಭಾವ ಎಂಜಲು ಕೈಯಲ್ಲೇ ಗೋಡೆಯ ಬಂದೂಕು ತೆಗೆದುಕೊಂಡು ಬಂದ. ಹುಡುಗ ಅಕ್ಕನನ್ನು ಬಿಟ್ಟು ಮಚ್ಚೆತ್ತಿ ಇವನ ಕಡೆ ತಿರುಗಿದ. ಹಂದಿಗೆಂದು ತುಂಬಿಟ್ಟ ಗುಂಡು ಹಾರಿತು. ಜಾರಿ ಬಿದ್ದ ಮಚ್ಚನ್ನು ಬಾಗಿಲಲ್ಲಿದ್ದವನು ಎತ್ತಿಕೊಂಡು ಬೈಕ್ ಹತ್ತಿದ. ಇದು ಗಂಡ ಹೆಂಡತಿ ಇಬ್ಬರೂ ಹೇಳಿದ್ದು.

ನಾನು ಕಂಡದ್ದು ಆಮೇಲಿನದು. ಸದ್ದಿಗೆ ಓಡಿ ಹೋದೆ. ಹುಡುಗ ಬೋರಲು ಬಿದ್ದಿದ್ದ. ತಲೆ ಒಳಗೆ, ಹುಳುತಟ್ಟೆಯ ಸ್ಟ್ಯಾಂಡಿನ ಕೆಳಗೆ. ಕಾಲು ಹೊಸ್ತಿಲ ಮೇಲೆ. ಊರಿನ ನಾಯಿ ಕಾಗೆಯೆಲ್ಲ ಬಾಯಿ ಬಿಟ್ಟಿದ್ದವು. ತಟ್ಟೆಗಳಲ್ಲಿ ಹುಳುಗಳು ಮಾತ್ರ ಏನೂ ಆಗಿಲ್ಲವೆಂಬ ಹಾಗೆ ಸರಸರನೆ ಎಲೆ ತಿನ್ನುತ್ತಿದ್ದವು. ಆ ಸದ್ದು ಕೇಳುತ್ತಾ ನಾವು ಮೂವರೂ ಗೊಂಬೆಗಳಾಗಿ ನಿಂತಿದ್ದೆವು. ಭಾವನ ಬೆರಳಿಗೆ ಇನ್ನೂ ಅನ್ನ ಮೆತ್ತಿತ್ತು.

ಮೊದಲು ಅಲುಗಿದವನು ಅವನೇ. ಹುಡುಗನನ್ನು ಎತ್ತಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಶಿಡ್ಲಘಟ್ಟದ ಆಸ್ಪತ್ರೆಗೆ ಹೋದ. ದಾರಿಯಲ್ಲೇ ಜೀವ ಹೋಯಿತು. ಅಲ್ಲಿಂದ ನೇರವಾಗಿ ತಾನೇ ಸ್ಟೇಷನ್ನಿಗೆ ನಡೆದ.

ಇತ್ತ ಅಕ್ಕ ಏನು ಮಾಡಿದಳು? ಹುಳುಮನೆಗೆ ಹೊರಗಿನವರ ಕಾಲು ಬಿದ್ದರೆ ನಾವೆಲ್ಲ ಏನು ಮಾಡುತ್ತೇವೋ ಅದನ್ನೇ ಮಾಡಿದಳು. ಬ್ಲೀಚಿಂಗ್ ಪೌಡರ್ ಎರಚಿ, ನೀರು ಹೊಯ್ದು, ನೆಲ, ಹೊಸ್ತಿಲು ಎಲ್ಲ ತಿಕ್ಕಿ ತೊಳೆದಳು. ಮೇಲೆ ಸುಣ್ಣ ಚೆಲ್ಲಿದಳು. ಪೊಲೀಸರು ಬಂದಾಗ ಹೊಸ್ತಿಲು ಬೆಳ್ಳಗೆ ಹೊಳೆಯುತ್ತಿತ್ತು.

"ಯಾರಮ್ಮ ಇದು ತೊಳ್ದಿದ್ದು?"

"ನಾನೇ ಸ್ವಾಮಿ. ಹುಳಕ್ಕೆ ರೋಗ ಬರ್ತದಲ್ಲ."

ಇನ್ಸ್‌ಪೆಕ್ಟರು ಕೆನ್ನೆಗೆ ಬಾರಿಸಿಕೊಂಡವರ ಹಾಗೆ ಅವಳನ್ನೇ ನೋಡಿದರು. ಹುಡುಗ ಒಳಗೆ ಬಂದಿದ್ದ ಎನ್ನಲು ಇದ್ದ ಗುರುತು ಆ ರಕ್ತವೊಂದೇ. ಮಚ್ಚಂತೂ ಇಲ್ಲ. ಆಮೇಲೆ ಸಿಕ್ಕಿಬಿದ್ದ ಎರಡನೆಯವನು, ನಾವು ಬೀದಿಯಲ್ಲಿ ನಿಂತು ಗೂಡು ಕೇಳಿದೆವು, ಅಷ್ಟಕ್ಕೇ ಹೊಡೆದ ಎಂದುಬಿಟ್ಟ. ಭಾವನ ಮೇಲೆ ಕೊಲೆ ಕೇಸು. ಅಕ್ಕನ ಮೇಲೆ ಸಾಕ್ಷಿ ಅಳಿಸಿದ ಕೇಸು. ಹುಳುಮನೆಗೆ ಬೀಗ. ಸೊಪ್ಪು ಹಾಕುತ್ತೇನೆ ಎಂದು ನಾನು ಹೋದರೆ ಕಾನ್ಸ್‌ಟೇಬಲ್ ಬಿಡಲಿಲ್ಲ. ಕಿಟಕಿಗೆ ಕಿವಿ ಇಟ್ಟೆ. ಸರಸರ ಸದ್ದು ಕಡಿಮೆಯಾಗುತ್ತಾ ಹೋಗಿ... ನಿಂತಿತು. ಅಕ್ಕ ತೊಳೆದದ್ದು ಅವುಗಳಿಗಾಗಿ.

ಜಾಮೀನಿನ ಮೇಲೆ ಬಂದ ಭಾವ ಬೇರೆ ಮನುಷ್ಯನಾಗಿದ್ದ. ಪಾತ್ರೆ ಬಿದ್ದರೆ ಎದ್ದು ನಿಲ್ಲುತ್ತಿದ್ದ. ಹುಳು ಸಾಕುವುದು ಬಿಟ್ಟ, ಬರೀ ಹಿಪ್ಪುನೇರಳೆ ಸೊಪ್ಪು ಬೆಳೆದು ಮಾರಿದ. ಗೋಡೆಯ ಮೇಲೆ ತಲೆ ಕಾಣುತ್ತಿತ್ತು, ಹಾಸ್ಯ ಇರಲಿಲ್ಲ. ಒಂದು ದಿನ ತಾನಾಗಿ, "ಮೀಸೇನೂ ಸರಿಯಾಗಿ ಬಂದಿರ್ಲಿಲ್ಲ ಕಣೇ ಅವನಿಗೆ" ಎಂದ. ಬಂದಿರಲಿಲ್ಲ, ಆಟೋಗೆ ಎತ್ತುವಾಗ ನಾನೂ ನೋಡಿದ್ದೆ.

ಮೊದಲ ಹಿಡಿ ಏರಿಸಲು ಯಾರೂ ಅವನನ್ನು ಕರೆಯಲಿಲ್ಲ. ಕೆಟ್ಟವರೆಂದಲ್ಲ, ಹೆದರಿಕೆ. ಹೆಣ ಬೀಳಿಸಿದ ಕೈ ಸೋಕಿದರೆ ಬೆಳೆ ಉಳಿಯುತ್ತದೆಯೇ ಎಂದು. ನಮ್ಮ ಮನೆಯಲ್ಲೂ ಮಗ ಬೇಡವೆಂದ.

ನಾನು ಸಾಕ್ಷಿ. "ಮಚ್ಚು ನೋಡ್ದೆ ಅನ್ನು, ನಿನ್ನ ಗಂಟೇನು ಹೋಗ್ತದೆ?" ಎಂದು ಊರವರೆಲ್ಲ ಕಿವಿ ಕಚ್ಚಿದರು. ಭಾವ ಮಾತ್ರ ಹಾಗೆ ಹೇಳು ಎಂದು ಕೇಳಲಿಲ್ಲ. ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಸರ್ಕಾರದ ವಕೀಲರು ಮಚ್ಚು ನೋಡಿದಿರಾ ಎಂದರು. ಇಲ್ಲ ಎಂದೆ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹುಡುಗ ಎಲ್ಲಿ ಬಿದ್ದಿದ್ದ ಎಂದರು. ತಲೆ ಒಳಗಿತ್ತು, ಕಾಲು ಹೊಸ್ತಿಲ ಮೇಲಿತ್ತು ಎಂದೆ. ಅದಕ್ಕೇನು ಗುರುತು ಎಂದರು. ಗುರುತನ್ನು ತೊಳೆದಾಗಿತ್ತು.

ಹೊರಗೆ ಬಂದರೆ ಮರದ ಕೆಳಗೆ ಆ ಹುಡುಗನ ತಾಯಿ. ಪ್ರತಿ ಸಲವೂ ಬರುತ್ತಿದ್ದಳು, ಯಾರೊಡನೆಯೂ ಮಾತಿಲ್ಲ. ಅವತ್ತು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಮಾವೋಡು ಲೋಪಲಿಕಿ ವಚ್ಚಿನಾಡಾ ಅಮ್ಮಾ?"

ನಮ್ಮವನು ಒಳಗೆ ಬಂದಿದ್ದನಾ ಎಂದು, ತೆಲುಗಿನಲ್ಲಿ. ವಕೀಲರಿಗೆ ಹೇಳಿದ್ದನ್ನೇ ಅವಳಿಗೂ ಹೇಳಬೇಕಿತ್ತು. "ವಚ್ಚಿನಾಡಮ್ಮಾ" ಎಂದೆ. ಅವಳು ಕೈ ಬಿಟ್ಟಳು. ಹೌದು ಎನ್ನುವಂತೆ ತಲೆ ಆಡಿಸಿದಳು, ಸೆರಗಿನಲ್ಲಿ ಮುಖ ಒರೆಸಿಕೊಂಡು ಬಸ್ ಸ್ಟ್ಯಾಂಡ್ ಕಡೆ ಹೋದಳು. ಬಯ್ದಾದರೂ ಹೋಗಬಾರದಿತ್ತೇ...

ವರ್ಷಗಳ ಮೇಲೆ ತೀರ್ಪು ಬಂತು. ಸಂಶಯದ ಲಾಭ ಕೊಟ್ಟು ಇಬ್ಬರನ್ನೂ ಬಿಟ್ಟಿದ್ದಾರೆ ಎಂದರು ವಕೀಲರು. ಬಸ್ಸಿನಲ್ಲಿ ಎಲ್ಲರೂ ನಕ್ಕು ಮಾತಾಡಿಕೊಂಡು ಬಂದರು. ಸಂಜೆ ಭಾವ ಜಗಲಿಯ ಮೇಲೆ ಒಬ್ಬನೇ ಕೂತಿದ್ದ.

"ಬಿಟ್ರು ಕಣೇ" ಎಂದ. "ಆದ್ರೆ ನಮ್ಮನ್ನ ನಂಬ್ಲಿಲ್ಲ."

ಆಗ ಆ ತಾಯಿ ಕೇಳಿದ್ದನ್ನು, ನಾನು ಹೇಳಿದ್ದನ್ನು, ಅವಳು ತಲೆ ಆಡಿಸಿದ್ದನ್ನು ಹೇಳಿದೆ. ಅವನು ತನ್ನ ಅಂಗೈ ನೋಡಿಕೊಂಡ. ಆಮೇಲೆ ಬೇರೇನೋ ಮಾತೆಂಬಂತೆ, "ನಿಮ್ಮನೇಲಿ ಹುಳ ಹಣ್ಣಾದ್ವಾ?" ಎಂದ. ನಾಳೆ ಎಂದೆ.

ಭಾವ ಈಗಿಲ್ಲ. ಎದೆ ಹಿಡಿದುಕೊಂಡಿತು, ಹೋದ. ಅಕ್ಕ ಗೌರಿಬಿದನೂರಿನ ಮಗಳ ಮನೆಯಲ್ಲಿದ್ದಾಳೆ. ಪೊಲೀಸರು ಒಯ್ದ ಬಂದೂಕು ಎಲ್ಲಿದೆಯೋ, ವಾಪಸು ಕೊಡಿ ಎಂದು ಅವನು ಕೇಳಲಿಲ್ಲ. ಅಂಥ ಕೈಗುಣ ಮತ್ತೆ ಸಿಗಲಿಲ್ಲ ಎಂದು ಈಗ ಲೊಚಗುಟ್ಟುವವರೇ ಅಂದು ಅವನನ್ನು ದಾಟಿಕೊಂಡು ಹೋದವರು. ಗೋಡೆಯ ಆ ಕಡೆ ನೋಡುವುದನ್ನು ನಾನು ಬಿಟ್ಟಿದ್ದೇನೆ. ನೋಡಿದರೆ ಏನಿದೆ.

ತೀರ್ಪಿನ ಮರುದಿನ ಬೆಳಿಗ್ಗೆ ಕುಂಕುಮದ ಬಟ್ಟಲು ಹಿಡಿದು ಹೋಗಿ ಅವನನ್ನು ಕರೆದೆ. ಮಗ ಬಾಗಿಲಿಗೆ ಅಡ್ಡ ನಿಂತ. "ಅಮ್ಮಾ, ಬೆಳೆ ಹೋದ್ರೆ?" "ಹೋದ್ರೆ ಹೋಗ್ಲಿ ಕಣೋ, ಸರಿ ಆ ಕಡೆ" ಎಂದೆ. ಭಾವ ಕಾಲು ತೊಳೆದುಕೊಂಡ. ಹುಳುಮನೆಯ ಬಾಗಿಲವರೆಗೆ ಬಂದ. ಅಲ್ಲಿಗೆ ಬಂದವನು ನಿಂತೇಬಿಟ್ಟ. ಹೊಸ್ತಿಲನ್ನೇ ನೋಡಿದ. ದಾಟಲು ಅವನಿಂದ ಆಗಲಿಲ್ಲ. ಬಾ ಎಂದು ನಾನೂ ಎಳೆಯಲಿಲ್ಲ. ಒಳಗೆ ಹೋದೆ, ಹಣ್ಣು ಹುಳದ ತಟ್ಟೆಯನ್ನು ಎತ್ತಿಕೊಂಡು, ಚಂದ್ರಿಕೆಯನ್ನು ಮಗನ ಕೈಲಿ ಹೊರಿಸಿಕೊಂಡು, ಅವನು ನಿಂತಲ್ಲಿಗೇ ತಂದಿಟ್ಟೆ.