ಮುಟ್ಟದೆ ನಡುಗಿಸುವ ವಿದ್ಯೆ

ದೇವರ ಹಿತ್ತಾಳೆ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಫೋನು ಬಡಿದುಕೊಂಡಿತು. ಕೈಯೆಲ್ಲ ಹುಳಿ, ಮೊಣಕೈಯಿಂದ ಒತ್ತಿದೆ.

"ಅಕ್ಕಾ, ಪಾಸಾದೆ! ಪಿಎಚ್‌ಡಿ ಆತು!"

ಶೈಲಜಾ ಮೇಡಂ. ಚನ್ನಗಿರಿ ಕಡೆಯವರು, ನ್ಯಾಮತಿಯ ಕಾಲೇಜಿನಲ್ಲಿ ಪಾಠ ಹೇಳುತ್ತ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದರು. ಮಾತಾಡುವಾಗ ಎರಡೂ ಮುಷ್ಟಿ ಎತ್ತುತ್ತಿದ್ದರು, ಯಾರಿಗೋ ಗುದ್ದುವವರಂತೆ. ಒಂದು ಮುಷ್ಟಿ ಅಯಾನು, ಅಂದರೆ ವಿದ್ಯುದಂಶ ಹೊತ್ತ ಕಣ, ಇನ್ನೊಂದು ಅಣು. ಅದು ರಭಸದಿಂದ ಬಂದು ಡಿಕ್ಕಿಯಾದರೆ ಇದು ಕಂಪಿಸುತ್ತದಂತೆ. ನಾನು ತಿಳಿದವಳಂತೆ ತಲೆಯಾಡಿಸುತ್ತಿದ್ದೆ. ಅದರಲ್ಲಿ ಅರ್ಧ ತೂಕಡಿಕೆ.

ಮೊದಲ ಸಲ ಮೌಖಿಕ ಪರೀಕ್ಷೆಯಲ್ಲಿ ಬಾಯಿ ಕಟ್ಟಿ ವಾಪಸ್ಸಾಗಿದ್ದರು. ಈ ಸಲವೂ ಹಾಗಾದರೆ ಅಷ್ಟು ವರ್ಷದ ಓದು ನೀರುಪಾಲು. ನಾನು ಬಸವಣ್ಣನಿಗೆ ಹರಕೆ ಹೊತ್ತೆ: "ಎಲ್ಲೂ ಡಿಕ್ಕಿಯಾಗದಂಗೆ ಕಾಯಪ್ಪ."

ಮೇಡಂ ಹೌಹಾರಿದರು. "ಅಯ್ಯೋ ಅಕ್ಕಾ, ವಾಪಸ್ ತಗಳ್ರೀ! ಡಿಕ್ಕಿ ಇಲ್ಲಾಂದ್ರೆ ನನ್ನ ಓದೇ ಇಲ್ಲ!"

ಇನ್ನೊಂದು ಕಾಯಿ ಒಡೆಸಿ ಹರಕೆ ತಿದ್ದಿಸಿದೆ. ಬಸವಣ್ಣ ಸಿಟ್ಟಾಗಲಿಲ್ಲ, ಪುಣ್ಯ.

ಮೇಡಂ ಜಗಳೂರಿಗೆ ವರ್ಗವಾಗಿ ಹೊರಡುವ ಹಿಂದಿನ ಸಂಜೆ ನಮ್ಮ ಅಡುಗೆಮನೆಯಲ್ಲಿ ಕೂತು, "ಅಯಾನು ಮುಟ್ಟದೇ ದೂರದಿಂದ ಹೋದ್ರೂ ಅಣು ಹೆಂಗೆ ನಡುಗ್ತೈತೆ ಅಂತ ಪರೀಕ್ಷೆಲಿ ಕೇಳ್ತಾರೆ. ಅಲ್ಲೇ ನಂಗೆ ಮಾತು ನಿಂತು ಹೋಗಾದು" ಎಂದರು. ಅಷ್ಟರಲ್ಲಿ ರಸ್ತೆಯಲ್ಲಿ ಹೊನ್ನಾಳಿ ಬಸ್ಸು ಹಾದು, ಗೂಡಿನ ಸ್ಟೀಲ್ ತಟ್ಟೆಗಳು ಗಲಗಲ ಎಂದವು. ಮರ್ಯಾದೆ ಹೋಯಿತೆಂದು ಓಡಿ ಅವುಚಿ ಹಿಡಿದೆ.

"ಹಿಡೀಬ್ಯಾಡ್ರೀ!" ಎಂದು ಕೂಗಿದರು. "ಬಸ್ಸು ಮುಟ್ಲಿಲ್ಲ, ತಟ್ಟೆ ನಡುಗ್ತು! ಬಸ್ಸು ನೆಲ ಅಲುಗಿಸ್ತೈತೆ, ಅಯಾನು ತನ್ನ ವಿದ್ಯುತ್ ಬಲದಿಂದ ಅಲುಗಿಸ್ತೈತೆ. ಹಂಗೆ ಅಲುಗಿಸಿ ತಾನೂ ಒಂದಿಷ್ಟು ಶಕ್ತಿ ಕಳ್ಕೊಂಡು ಹೋಗ್ತೈತೆ. ಅದು ಕಳ್ಕೊಂಡಿದ್ದು ಅಳೆದ್ರೆ ಇದು ಎಷ್ಟು ನಡುಗ್ತು ಅಂತ ಗೊತ್ತಾಗ್ತೈತೆ, ಅಕ್ಕಾ!"

ಮುಂದಿನ ಬಸ್ಸಿಗೂ ಕಾದು ಕೂತರು. ನನ್ನ ಸಾರು ಉಕ್ಕಿ ಒಲೆ ಆರಿತು.

ಅವರು ಹೋದ ಮೇಲೆ ಆ ಸದ್ದು ಕೇಳಲಾಗದೆ ತಟ್ಟೆಗಳ ನಡುವೆ ಹಳೆ ಸೀರೆ ಚೂರು ತುರುಕಿದ್ದೆ. ತಟ್ಟೆ ಸವೆಯಬಾರದೆಂದು ಮನೆಯವರಿಗೆ ಹೇಳಿದ್ದೆ.

"ಅದನ್ನೇ ಕೇಳಿದ್ರು ಅಕ್ಕಾ. ಎಲ್ಲಾ ಹೇಳಿದೆ," ಎಂದರು ಫೋನಿನಲ್ಲಿ.

"ನನ್ ಹೆಸರು ಹೇಳಿದ್ರಾ?"

"ಇಲ್ಲಕ್ಕಾ. ತಟ್ಟೆ ಹೆಸರು ಹೇಳಿದೆ."

ಹೋಗಲಿ, ತಟ್ಟೆ ತವರಿನದು. ಫೋನಿಟ್ಟು ಸೀರೆ ಚೂರುಗಳನ್ನೆಲ್ಲ ಎಳೆದು ತೆಗೆದೆ. ಮೇಲೆ ಮಹಡಿ ಖಾಲಿ. ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು. ಅದೇ ಚೂರು ಹಿಡಿದು ದೀಪದ ಕಂಬ ಒರೆಸಲು ಕೂತೆ.