ರುದ್ರಪ್ಪನವರ ಬಟನ್ ಪರೀಕ್ಷೆ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಬಸವೇಶ್ವರನಗರದ ಹಿರಿಯರ ಸಂಘಕ್ಕೆ ನಾಗರಬಾವಿಯಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದಿದ್ದಳು. ಪಿಂಚಣಿದಾರರ ಹೊಸ ಜಾಲತಾಣವನ್ನು ವಯಸ್ಸಾದವರು, ಅಂಗವಿಕಲರು ತಾವೇ ಬಳಸಬಲ್ಲರೇ ಎಂಬುದು ಅವಳ ಅಧ್ಯಯನ. ದೃಷ್ಟಿಯಿಲ್ಲದ ನನ್ನ ಗೆಳೆಯರು ರುದ್ರಪ್ಪನವರು ಮೊದಲು ಕುಳಿತರು. ಪಿಂಚಣಿ ಕೆಲಸಕ್ಕೆ ಪ್ರತಿ ಸಲವೂ ಅಳಿಯನನ್ನು ಕಾಯುವುದು ತಪ್ಪಲಿ ಎಂಬುದು ಅವರ ಆಸೆ.

ಪರದೆಯ ಮೇಲಿರುವುದನ್ನು ಕಂಪ್ಯೂಟರು ಓದಿ ಹೇಳಬೇಕಿತ್ತು. ಅದು "ಬಟನ್, ಬಟನ್, ಬಟನ್" ಎಂದಿತು.

"ಯಾವ ಬಟನ್ ಅಂತ ಹೇಳ್ತಾನೇ ಇಲ್ವಲ್ಲಮ್ಮಾ," ಎಂದರು ರುದ್ರಪ್ಪ.

"ಬಿಡಿ ಅಂಕಲ್, ನಿಮಗ್ಯಾಕೆ ತೊಂದ್ರೆ," ಎಂದು ಹುಡುಗಿ ತಾನೇ ಒತ್ತಿದಳು. ತನ್ನ ಅಧ್ಯಯನದ ಫಾರಂನಲ್ಲಿ "ಯಶಸ್ವಿ" ಎಂದೂ ಬರೆದಳು.

"ಒತ್ತಿದ್ದು ನೀನಲ್ವೇನಮ್ಮಾ?" ಎಂದೆ ನಾನು.

"ದೊಡ್ಡೋರು ಒದ್ದಾಡ್ತಾ ಇದ್ರೆ ಸುಮ್ನೆ ನೋಡ್ತಾ ಕೂರೋಕಾಗುತ್ತಾ ಅಂಕಲ್?"

ಎಟಿಎಂ ಹೊಸದಾಗಿ ಬಂದಾಗಲೂ ಹೀಗೇ. ಕಾವಲುಗಾರ ನಮ್ಮ ಪಿನ್ ಒತ್ತುತ್ತಿದ್ದ. ಹಿರಿಯರು ಎಟಿಎಂ ಕಲಿತರೆಂದು ಬ್ಯಾಂಕಿನವರು ಹಿಗ್ಗುತ್ತಿದ್ದರು.

"ನೀನು ಯಶಸ್ವಿ ಅಂತ ಬರೆದ್ರೆ ಇದನ್ನ ಯಾರೂ ಸರಿ ಮಾಡಲ್ಲ ಕಣಮ್ಮಾ," ಎಂದರು ರುದ್ರಪ್ಪ. "ಕೈ ಕಟ್ಕೊಂಡು ಕೂತ್ಕೋ, ಇನ್ನೊಂದ್ಸಲ ನೋಡ್ತೀನಿ."

ಅರ್ಧ ಗಂಟೆ ಪ್ರಯತ್ನಿಸಿದರು. ಆಗಲಿಲ್ಲ. ಹುಡುಗಿ ಪೆನ್ನು ಹಿಡಿದು ಹಿಂಜರಿದಳು. "ವಿಫಲ ಅಂತ ಹೆಂಗ್ ಬರೀಲಿ ಅಂಕಲ್, ಬೇಜಾರಾಗಲ್ವಾ?"

"ಬರಿಯಮ್ಮಾ, ದಪ್ಪಕ್ಷರದಲ್ಲಿ ಬರಿ."

ನಾನೂ ಹೇಳಿದೆ, ಸಂಘದ ಅಧ್ಯಕ್ಷರೂ ಬಂದು ಹೇಳಿದರು. ಕೊನೆಗೆ ಬರೆದಳು. ಫೇಲಾಗುವುದಕ್ಕೂ ಇಷ್ಟು ಶಿಫಾರಸು ಬೇಕೆಂದು ಈ ವಯಸ್ಸಿನಲ್ಲಿ ತಿಳಿಯಿತು.